ಹಳೇ ವಠಾರಕ್ಕೆ ಗಾಳಿ-ಬೆಳಕು ತಂದ ಪ್ಯಾಟ್ರಿಕ್ ಗೆಡ್ಡಿಸ್

ರಸ್ತೆ ಅಗಲೀಕರಣ ಅಂದ್ರೆ ಸಾಕು, ಅಂಗಡಿಯವರ ಎದೆ ಧಸಕ್ ಅನ್ನುತ್ತೆ. ಈ ಸಂಕಟವನ್ನು ನೂರು ವರ್ಷದ ಹಿಂದೆಯೇ ಅರ್ಥ ಮಾಡಿಕೊಂಡವರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್.

1854ರಲ್ಲಿ ಹುಟ್ಟಿದ ಗೆಡ್ಡಿಸ್ ಓದಿದ್ದು ಜೀವವಿಜ್ಞಾನ. 1886ರಲ್ಲಿ ಮದುವೆಯಾದ ಮೇಲೆ ಪತ್ನಿ ಅನ್ನಾ ಜೊತೆ ಎಡಿನ್‌ಬರೋದ ಜೇಮ್ಸ್ ಕೋರ್ಟ್ ಎಂಬ ಹಾಳುಬಿದ್ದ ವಠಾರಕ್ಕೇ ವಾಸಕ್ಕೆ ಹೋದರು. ನೆರೆಯವರನ್ನು ಸೇರಿಸಿಕೊಂಡು ಸುಣ್ಣ ಬಳಿದರು, ಕಸ ತೆಗೆದರು, ಗಿಡ ನೆಟ್ಟರು. ಇಡೀ ಕೇರಿ ಕೆಡವೋದಲ್ಲ. ತೀರಾ ಕೆಟ್ಟ ಕೆಲವೇ ಮನೆ ತೆಗೆದು, ಗಾಳಿ-ಬೆಳಕಿಗೆ ಜಾಗ ಬಿಟ್ಟು, ಉಳಿದದ್ದನ್ನು ರಿಪೇರಿ ಮಾಡೋದು ಅವರ ದಾರಿ. ಜನ ಒಕ್ಕಲೇಳಬೇಕಿಲ್ಲ, ಹಳೇ ಕಲ್ಲು-ಮರವೂ ದಂಡವಾಗಲ್ಲ.

1914ರಲ್ಲಿ ಭಾರತಕ್ಕೆ ಬಂದು ಊರೂರು, ಗಲ್ಲಿ ಗಲ್ಲಿ ಕಾಲ್ನಡಿಗೆಯಲ್ಲಿ ನೋಡಿ ವರದಿ ಬರೆದರು. ತಂಜಾವೂರಿನಲ್ಲಿ ಮನೆ ಕೆಡವಿ ನೇರ ರಸ್ತೆ ಎಳೆಯುವ ಎಂಜಿನಿಯರ್ ಯೋಜನೆಗೆ ಬದಲಿ ಕೊಟ್ಟರು. ಅವರ ಲೆಕ್ಕದಲ್ಲಿ ಖರ್ಚು ಆರನೇ ಒಂದು ಭಾಗ ಮಾತ್ರ!

1917ರಲ್ಲಿ ಮಗ ಯುದ್ಧದಲ್ಲಿ ಸತ್ತ. ಅದೇ ವರ್ಷ ಅನ್ನಾ ಭಾರತದಲ್ಲೇ ತೀರಿಕೊಂಡರು. ಗೆಡ್ಡಿಸ್ ಕೆಲಸ ಬಿಡಲಿಲ್ಲ. 1918ರಲ್ಲಿ ಇಂದೋರಿನ ದೊಡ್ಡ ವರದಿ ಕೊಟ್ಟರು. ಆಮೇಲೆ ಬಾಂಬೆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು.

1932ರಲ್ಲಿ ಫ್ರಾನ್ಸಿನಲ್ಲಿ ಕಣ್ಣುಮುಚ್ಚಿದರು. ಎಡಿನ್‌ಬರೋದಲ್ಲಿ ಅವರು ಕಟ್ಟಿಸಿದ ರಾಮ್ಸೆ ಗಾರ್ಡನ್ ಫ್ಲ್ಯಾಟುಗಳಲ್ಲಿ ಇವತ್ತಿಗೂ ಜನ ಇದ್ದಾರೆ.