ಖಾಶಾಬಾ ಜಾಧವ್

ಖಾಶಾಬಾ ದಾದಾಸಾಹೇಬ್ ಜಾಧವ್ (15 ಜನವರಿ 1926 – 14 ಆಗಸ್ಟ್ 1984) ಭಾರತದ ಪ್ರಸಿದ್ಧ ಕುಸ್ತಿಪಟು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಪಡೆದ ಇವರು, ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನ ಮೊದಲ ವೈಯಕ್ತಿಕ ಪದಕ ತಂದವರು.

ಬಾಲ್ಯ ಮತ್ತು ಶಿಕ್ಷಣ

ಜಾಧವರು ಹುಟ್ಟಿದ್ದು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಕರಾಡ ಸಮೀಪದ ಗೋಳೇಶ್ವರ ಗ್ರಾಮದಲ್ಲಿ. ತಂದೆ ದಾದಾಸಾಹೇಬರೂ ಪೈಲ್ವಾನರು. ಕರಾಡದಲ್ಲಿ ಶಾಲಾ ಶಿಕ್ಷಣ ಮುಗಿಸಿ ಕೊಲ್ಹಾಪುರದ ರಾಜಾರಾಮ್ ಕಾಲೇಜು ಸೇರಿದರು. ಬೆಳಗಾವಿ ಸೀಮೆಗೆ ಹೊಂದಿಕೊಂಡಿರುವ ಕೊಲ್ಹಾಪುರ ಆಗ ಕುಸ್ತಿಯ ದೊಡ್ಡ ಕೇಂದ್ರ. ಅಲ್ಲಿನ ತಾಲೀಮುಗಳಿಗೆ ಗಡಿಯ ಈಚೆಯ ಕನ್ನಡ ಪೈಲ್ವಾನರೂ ಹೋಗಿ ಕಲಿಯುತ್ತಿದ್ದರು. ಜಾಧವರು ಎತ್ತರದ ಆಳಲ್ಲ, ದೇಹವೂ ಹಗುರ. ಆದರೆ ಚುರುಕುತನದಲ್ಲಿ, ವಿಶೇಷವಾಗಿ ಢಾಕ್ ಪಟ್ಟಿನಲ್ಲಿ, ಅವರು ಹೆಸರಾಗಿದ್ದರು.

ಒಲಿಂಪಿಕ್ಸ್

1948ರ ಲಂಡನ್ ಪ್ರಯಾಣದ ವೆಚ್ಚವನ್ನು ಕೊಲ್ಹಾಪುರದ ಮಹಾರಾಜರು ವಹಿಸಿದರು. ಮಣ್ಣಿನ ಅಖಾಡದಲ್ಲಿ ಬೆಳೆದ ಜಾಧವರಿಗೆ ಅಲ್ಲಿನ ಮ್ಯಾಟೂ ಅಂತರರಾಷ್ಟ್ರೀಯ ನಿಯಮಗಳೂ ಹೊಸವು. ಆದರೂ ಫ್ಲೈವೇಟ್ ವಿಭಾಗದಲ್ಲಿ ಆರನೆಯ ಸ್ಥಾನ ಪಡೆದರು. ಹೊಸ ಮೇಲ್ಮೈಗೆ ಇಷ್ಟು ಬೇಗ ಹೊಂದಿಕೊಂಡದ್ದು ಪದಕಕ್ಕಿಂತ ಕಡಿಮೆ ಸಾಧನೆಯೇನಲ್ಲ.

ನಾಲ್ಕು ವರ್ಷಗಳ ನಂತರ ಸಂಸ್ಥಾನದ ಆಸರೆ ಹಿಂದಿನಂತಿರಲಿಲ್ಲ. ತಂಡದ ಆಯ್ಕೆಯಲ್ಲಿ ತಮಗೆ ಅನ್ಯಾಯವಾಗಿದೆ ಎಂದು ಜಾಧವರು ಪಟಿಯಾಲದ ಮಹಾರಾಜರಿಗೆ ದೂರಿದ ಮೇಲೆ ಮತ್ತೊಂದು ಸ್ಪರ್ಧೆ ಏರ್ಪಟ್ಟಿತು. ಅದರಲ್ಲಿ ಗೆದ್ದು ತಂಡಕ್ಕೆ ಸೇರಿದರು. ಆಗ ಹಣದ ಪ್ರಶ್ನೆ ಎದ್ದಿತು. ಗ್ರಾಮಸ್ಥರು ಚಂದಾ ಎತ್ತಿದರು. ರಾಜಾರಾಮ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಖರ್ಡೇಕರ್ ಅವರು ತಮ್ಮ ಮನೆಯನ್ನು ಅಡವಿಟ್ಟು 7,000 ರೂಪಾಯಿ ಒದಗಿಸಿದರು.

ಹೆಲ್ಸಿಂಕಿಯಲ್ಲಿ ಬ್ಯಾಂಟಮ್‌ವೇಟ್ ಫ್ರೀಸ್ಟೈಲ್ ವಿಭಾಗದಲ್ಲಿ ಸ್ಪರ್ಧಿಸಿದ ಜಾಧವರು ಜಪಾನಿನ ಶೋಹಾಚಿ ಇಶಿಯಿ ಹಾಗೂ ಸೋವಿಯತ್ ಒಕ್ಕೂಟದ ರಶೀದ್ ಮಾಮೆದ್‌ಬೆಯೋವ್ ಅವರಿಗೆ ಮಾತ್ರ ಸೋತರು. ಈ ಇಬ್ಬರಿಗೆ ಕ್ರಮವಾಗಿ ಚಿನ್ನ, ಬೆಳ್ಳಿ ದೊರೆತವು. ಅದೇ ಕೂಟದಲ್ಲಿ ಭಾರತದ ಹಾಕಿ ತಂಡ ಚಿನ್ನ ಗೆದ್ದುದರಿಂದ ದೇಶದ ಗಮನವೆಲ್ಲ ಆ ಕಡೆಗೇ ಹರಿಯಿತು. ಊರಿನವರು ಮಾತ್ರ ಮರೆಯಲಿಲ್ಲ. ಕರಾಡದಿಂದ ಗೋಳೇಶ್ವರದವರೆಗೆ ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಮೆರವಣಿಗೆಯಲ್ಲಿ ಅವರನ್ನು ಕರೆತಂದರು.

ಕುಸ್ತಿ ಮತ್ತು ಜೀವನೋಪಾಯ

ಪದಕದೊಂದಿಗೆ ಹಣವೇನೂ ಬರಲಿಲ್ಲ. ಊರಿಗೆ ಮರಳಿದ ಜಾಧವರು ಕುಸ್ತಿ ಪಂದ್ಯಗಳನ್ನು ಏರ್ಪಡಿಸಿ, ಅದರಿಂದ ಬಂದ ಹಣದಲ್ಲಿ ಖರ್ಡೇಕರರ ಮನೆಯನ್ನು ಅಡವಿನಿಂದ ಬಿಡಿಸಿಕೊಟ್ಟರು. ಹಳೆಯ ಕುಸ್ತಿಯ ಆರ್ಥಿಕತೆ ಇದ್ದದ್ದೇ ಹೀಗೆ: ರಾಜಾಶ್ರಯ, ಜಾತ್ರೆಯ ಬಹುಮಾನ, ಟಿಕೆಟ್ಟಿನ ಹಣ. ಸಂಸ್ಥಾನಗಳು ವಿಲೀನವಾದ ಮೇಲೆ ಮೊದಲನೆಯ ಆಧಾರ ಕುಸಿಯಿತು. ಉಳಿದೆರಡು ಒಬ್ಬ ಪೈಲ್ವಾನನ ಸಂಸಾರಕ್ಕೆ ವರ್ಷವಿಡೀ ಸಾಲುವಂತಹವಲ್ಲ. ಹೀಗಾಗಿ ಸರ್ಕಾರಿ ನೌಕರಿಯೇ ಕ್ರೀಡಾಪಟುಗಳ ಆಸರೆಯಾಯಿತು.

ಜಾಧವರು 1955ರಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿ ಪೊಲೀಸ್ ಇಲಾಖೆ ಸೇರಿದರು. ಮೊಣಕಾಲಿನ ಗಾಯದಿಂದಾಗಿ 1956ರ ಮೆಲ್ಬರ್ನ್ ಒಲಿಂಪಿಕ್ಸ್ ಕೈತಪ್ಪಿತು; ಅವರ ಅಂತರರಾಷ್ಟ್ರೀಯ ಕುಸ್ತಿ ಜೀವನವೂ ಅಲ್ಲಿಗೆ ಮುಗಿಯಿತು. ಬಹುಕಾಲ ಬಡ್ತಿಗಾಗಿ ಕಾದು, ಸೇವೆಯ ಕೊನೆಯ ಹಂತದಲ್ಲಿ ಸಹಾಯಕ ಪೊಲೀಸ್ ಆಯುಕ್ತರಾಗಿ ನಿವೃತ್ತರಾದರು. ನಿವೃತ್ತಿಯ ನಂತರ ಪಿಂಚಣಿಗಾಗಿಯೂ ಹೋರಾಡಬೇಕಾಯಿತು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಜ್ಯೋತಿ ಓಟದಲ್ಲಿ ಅವರನ್ನು ಸೇರಿಸಿಕೊಂಡು ಗೌರವಿಸಲಾಯಿತು. ಎರಡು ವರ್ಷಗಳ ನಂತರ ರಸ್ತೆ ಅಪಘಾತದಲ್ಲಿ ನಿಧನರಾದರು.

ಮರಣಾನಂತರದ ಗೌರವಗಳು

ಜಾಧವರ ನಂತರ ಭಾರತಕ್ಕೆ ಒಲಿಂಪಿಕ್ಸ್‌ನ ವೈಯಕ್ತಿಕ ಪದಕ ಬಂದದ್ದು 1996ರಲ್ಲಿ, ಟೆನಿಸ್‌ನ ಲಿಯಾಂಡರ್ ಪೇಸ್ ಅವರಿಂದ. ಆ ಬಳಿಕವೇ ಹಳೆಯ ಪದಕದ ನೆನಪು ವ್ಯಾಪಕವಾಯಿತೆನ್ನಬಹುದು. 2000ದಲ್ಲಿ ಜಾಧವರಿಗೆ ಮರಣೋತ್ತರವಾಗಿ ಅರ್ಜುನ ಪ್ರಶಸ್ತಿ ನೀಡಲಾಯಿತು. ಪದ್ಮ ಪ್ರಶಸ್ತಿ ಅವರ ಜೀವಿತಕಾಲದಲ್ಲಿ ದೊರೆಯಲಿಲ್ಲ. ಅದಕ್ಕಾಗಿ ಕುಟುಂಬದವರು ಹಲವು ಬಾರಿ ಮನವಿ ಸಲ್ಲಿಸಿದ್ದಾರೆ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ದೆಹಲಿಯ ಇಂದಿರಾ ಗಾಂಧಿ ಕ್ರೀಡಾ ಸಂಕೀರ್ಣದಲ್ಲಿ ನಿರ್ಮಿಸಿದ ಕುಸ್ತಿ ಕ್ರೀಡಾಂಗಣಕ್ಕೆ ಅವರ ಹೆಸರಿಡಲಾಗಿದೆ.