ಮುಟ್ಟದ ತಟ್ಟೆಯ ಗುಟ್ಟು ಹಿಡಿದಾಕೆ

ಮನೆಯಲ್ಲಿ ಯಾರಾದರೂ ಹುಷಾರು ತಪ್ಪಿ ಮಲಗಿದರೆ ನೀವೇನು ಮಾಡ್ತೀರಿ? ಬೆಳಗಾಗೆದ್ದು ಗಂಜಿ ಕಾಯಿಸಿ, ಹಣ್ಣು ಹೆಚ್ಚಿ, ಹಾಸಿಗೆ ಪಕ್ಕದ ಸ್ಟೂಲಿನ ಮೇಲಿಟ್ಟು ಬೇರೆ ಕೆಲಸಕ್ಕೆ ಹೋಗ್ತೀರಿ. ಗಂಟೆ ಬಿಟ್ಟು ನೋಡಿದರೆ ಗಂಜಿ ತಣ್ಣಗಾಗಿ ಕೆನೆಗಟ್ಟಿ ಹಾಗೇ ಕೂತಿರುತ್ತೆ. ಇಷ್ಟೆಲ್ಲ ಮಾಡಿದ್ರೂ ತಿನ್ನಲ್ವಲ್ಲ ಅಂತ ನಿಮಗೆ ಸಿಟ್ಟು. ಬಾಯಿಗೆ ಸೇರದಿದ್ದರೆ ಏನು ಮಾಡಲಿ ಅಂತ ಅವರಿಗೆ ಸಂಕಟ.

ಈ ಮುಟ್ಟದ ತಟ್ಟೆಯ ಬಗ್ಗೆ ನೂರಾ ಅರವತ್ತು ವರ್ಷಗಳಿಗೂ ಹಿಂದೆಯೇ ತಲೆ ಕೆಡಿಸಿಕೊಂಡ ಹೆಣ್ಣುಮಗಳು ಯಾರು ಗೊತ್ತಾ? ಫ್ಲಾರೆನ್ಸ್ ನೈಟಿಂಗೇಲ್! ದೀಪ ಹಿಡಿದ ಮಹಿಳೆ ಎಂದು ನೀವು ಶಾಲೆಯಲ್ಲಿ ಓದಿರುತ್ತೀರಿ. ಆಕೆಯ ಇನ್ನೊಂದು ಕೈಯಲ್ಲಿ ಸೌಟೂ ಇತ್ತು ಎನ್ನುವುದು ಅನೇಕರಿಗೆ ತಿಳಿಯದು.

ಯುದ್ಧಕಾಲದ ಅಡುಗೆಮನೆ

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಶ್ರೀಮಂತ ಇಂಗ್ಲಿಷ್ ಕುಟುಂಬದಲ್ಲಿ ಹುಟ್ಟಿದವರು ಆಕೆ. ರೋಗಿಗಳ ಸೇವೆ ಮಾಡ್ತೀನಿ ಎಂದಾಗ ಮನೆಯವರು ಒಪ್ಪಲಿಲ್ಲ. ಹಟ ಬಿಡದೆ 1851ರಲ್ಲಿ ಜರ್ಮನಿಗೆ ಹೋಗಿ ತರಬೇತಿ ಪಡೆದರು. 1854ರ ನವೆಂಬರಿನಲ್ಲಿ, ಕ್ರಿಮಿಯಾ ಯುದ್ಧದ ಸಮಯದಲ್ಲಿ, 38 ಮಹಿಳೆಯರೊಂದಿಗೆ ಟರ್ಕಿಯ ಸ್ಕುಟಾರಿಯ ಸೇನಾ ಆಸ್ಪತ್ರೆ ತಲುಪಿದರು.

ಅಲ್ಲಿ ದೊಡ್ಡ ದೊಡ್ಡ ಹಂಡೆಗಳಲ್ಲಿ ಎಲ್ಲರ ಪಾಲಿನ ಮಾಂಸವೂ ಒಟ್ಟಿಗೇ ಬೇಯುತ್ತಿತ್ತು. ತೂಕ ಮಾಡಿ ಸಮನಾಗಿ ಹಂಚುತ್ತಿದ್ದರು, ನಿಜ. ಆದರೆ ಒಬ್ಬನಿಗೆ ಮಾಂಸ ಬಂದರೆ ಇನ್ನೊಬ್ಬನಿಗೆ ಬರೀ ಎಲುಬು! ಎಲುಬು ಬಿಡಿಸಿ ಕೊಡಿ ಎಂದು ಕೇಳಿದರೆ, ಅದಕ್ಕೆ ಹೊಸ ನಿಯಮವೇ ಬೇಕೆಂಬ ಉತ್ತರ ಬಂತು. ಜ್ವರ, ಭೇದಿಯಿಂದ ನಿತ್ರಾಣರಾದವರಿಗೆ ಆ ಗಟ್ಟಿ ಊಟ ಗಂಟಲಲ್ಲಿ ಇಳಿಯುವುದಾದರೂ ಹೇಗೆ?

ನೈಟಿಂಗೇಲ್ ಜಗಳಕ್ಕೆ ನಿಲ್ಲಲಿಲ್ಲ. ಪಥ್ಯದ ಅಡುಗೆಗೆಂದೇ ಬೇರೆ ಒಲೆ ಹೂಡಿದರು. ಮೆತ್ತನೆಯ, ಸುಲಭವಾಗಿ ಜೀರ್ಣವಾಗುವ ಆಹಾರ ಅಲ್ಲಿ ತಯಾರಾಗತೊಡಗಿತು. 1855ರಲ್ಲಿ ಲಂಡನ್ನಿನ ಹೆಸರಾಂತ ಬಾಣಸಿಗ ಅಲೆಕ್ಸಿಸ್ ಸೋಯರ್ ಬಂದು ಕೈಜೋಡಿಸಿದರು. ಹಾಗಂತ ಊಟವೊಂದರಿಂದಲೇ ಜೀವಗಳು ಉಳಿದವು ಅನ್ನೋ ಹಾಗಿಲ್ಲ. ಅದೇ ವರ್ಷ ಚರಂಡಿ, ಗಾಳಿ, ನೀರು ಸರಿಪಡಿಸಿದ ಮೇಲೆಯೇ ಸಾವುಗಳು ಗಣನೀಯವಾಗಿ ಇಳಿದದ್ದು.

ಅವರವರಿಗೆ ತಕ್ಕಂತೆ

ಆ ಯುದ್ಧದಲ್ಲಿ ತಾವೇ ಜ್ವರಕ್ಕೆ ತುತ್ತಾದ ನೈಟಿಂಗೇಲ್, 1857ರ ನಂತರ ಎಷ್ಟೋ ವರ್ಷ ಹಾಸಿಗೆಯಿಂದಲೇ ಕೆಲಸ ಮಾಡಬೇಕಾಯಿತು. ಮಲಗಿದವರ ಕಷ್ಟ ಮಲಗಿದವರಿಗೇ ಗೊತ್ತು ಅಲ್ವಾ? 1859ರಲ್ಲಿ ಬರೆದ 'ನೋಟ್ಸ್ ಆನ್ ನರ್ಸಿಂಗ್' ಪುಸ್ತಕದಲ್ಲಿ ಈ ಅನುಭವದ ಸಾರವಿದೆ. ಅದನ್ನು ಬರೆದದ್ದು ನರ್ಸುಗಳಿಗಿಂತ ಹೆಚ್ಚಾಗಿ, ಮನೆಮಂದಿಯ ಆರೋಗ್ಯ ನೋಡಿಕೊಳ್ಳುವ ನಿಮ್ಮಂಥ ಗೃಹಿಣಿಯರಿಗೆ!

ಆಹಾರಕ್ಕೆಂದೇ ಅದರಲ್ಲಿ ಎರಡು ಅಧ್ಯಾಯಗಳಿವೆ. ಏನು ಕೊಡಬೇಕು ಎನ್ನುವುದಕ್ಕಿಂತ ಮೊದಲು ಯಾವಾಗ, ಹೇಗೆ ಕೊಡಬೇಕು ಎಂದು ಆಕೆ ಯೋಚಿಸಿದರು. ಮನೆ ತುಂಬ ಆಹಾರವಿದ್ದೂ ರೋಗಿಗಳು ಉಪವಾಸ ಬೀಳುವುದು, ನೋಡಿಕೊಳ್ಳುವವರು ಗಮನಿಸದ ಕಾರಣಕ್ಕೆ ಎಂಬುದು ಆಕೆಯ ಖಚಿತ ಅಭಿಪ್ರಾಯ. ಬಹಳ ನಿಶ್ಶಕ್ತರಾದವರಿಗೆ ಬೆಳಗ್ಗೆ 11ರ ಮೊದಲು ಗಟ್ಟಿ ಆಹಾರ ಸೇರದಿರಬಹುದು. ಬಲವಂತ ಮಾಡದೆ ಗಂಟೆಗೊಂದು ಚಮಚ ದ್ರವಾಹಾರ ಕೊಡಿ ಎಂದರು. ಬಲವರ್ಧಕ ಎಂದು ಎಲ್ಲರೂ ನಂಬಿದ್ದ ಮಾಂಸದ ತಿಳಿಸಾರನ್ನು ಬತ್ತಿಸಿ ನೋಡಿದರೆ ತಳದಲ್ಲಿ ಉಳಿಯುವುದು ಎಷ್ಟು ಅಲ್ಪ ಎಂದು ತೋರಿಸಿ, ಹಾಲಿಗೆ ಹೆಚ್ಚು ಬೆಲೆ ಕೊಟ್ಟರು.

1910ರ ಆಗಸ್ಟ್ 13ರಂದು, 90ರ ವಯಸ್ಸಿನಲ್ಲಿ ಆಕೆ ತೀರಿಕೊಂಡರು. ಇಂದು ಒಳ್ಳೆಯ ಡಯಟಿಷಿಯನ್ ಬಳಿ ಹೋಗಿ ನೋಡಿ. ಚೀಟಿ ಬರೆಯುವ ಮೊದಲು ಎಷ್ಟು ಹೊತ್ತಿಗೆ ಹಸಿವಾಗುತ್ತೆ, ಏನು ಸೇರಲ್ಲ, ಎಷ್ಟು ಉಳಿಸ್ತೀರಿ ಎಂದೇ ಕೇಳುತ್ತಾರೆ. ಆಕೆ ಹಾಸಿಗೆ ಪಕ್ಕ ನಿಂತು ಗಮನಿಸುತ್ತಿದ್ದುದೂ ಇವನ್ನೇ.

ನೀವೂ ಪಾಲಿಸಿ ನೋಡಿ

* ಊಟದ ಹೊತ್ತು ತಪ್ಪಿಸಬೇಡಿ. ಹತ್ತು ನಿಮಿಷ ತಡವಾದರೂ ಬಂದ ಹಸಿವು ಸತ್ತು ಹೋಗಬಹುದು.
* ತಿನ್ನಲಿ, ಬಿಡಲಿ, ತಟ್ಟೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಬಿಡಿ. ದಿನವಿಡೀ ಕಣ್ಣೆದುರಿದ್ದರೆ ವಾಕರಿಕೆ ಬರುತ್ತೆ.
* ಮಿಕ್ಕವರ ಒಗ್ಗರಣೆ ಘಮ, ಊಟದ ತಟ್ಟೆ ರೋಗಿಯ ಕೋಣೆಯಿಂದ ದೂರವಿರಲಿ.
* ಉಣ್ಣುವಾಗ ಮನೆಯ ತಾಪತ್ರಯ ಹೇಳಬೇಡಿ.
* ಸಾಸರಿನಲ್ಲಿ ಚೆಲ್ಲದಂತೆ ಲೋಟ ಕೊಡಿ. ತೊಟ್ಟಿಕ್ಕಿ ಹೊದಿಕೆ ಒದ್ದೆಯಾದರೆ ಅವರಿಗದು ದೊಡ್ಡ ಕಿರಿಕಿರಿ.
* ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದರೆ ಏನು ಕೊಡಬೇಕೆಂದು ವೈದ್ಯರನ್ನೇ ಕೇಳಿ.

ಇನ್ನೊಮ್ಮೆ ತಟ್ಟೆ ಹಾಗೇ ವಾಪಸ್ ಬಂದಾಗ ಸಿಟ್ಟು ಮಾಡ್ಕೋಬೇಡಿ. ಎರಡು ನಿಮಿಷ ಪಕ್ಕದಲ್ಲಿ ಕೂತು, ಯಾಕೆ ಸೇರಲಿಲ್ಲ ಅಂತ ಕೇಳಿ ನೋಡಿ.