ಬೆಂಗಳೂರು ನಾಗರತ್ನಮ್ಮ

ಸಂಗೀತ ನಮ್ಮ ನಾಡಿನ ದೊಡ್ಡ ಸಂಪತ್ತು. ಆ ಸಂಪತ್ತನ್ನು ಬೆಳೆಸಿದವರಲ್ಲಿ ಪುರುಷರಂತೆ ಸ್ತ್ರೀಯರೂ ಇದ್ದಾರೆ. ಆದರೆ ಒಂದು ಕಾಲದಲ್ಲಿ ಅವರ ಗಾನವನ್ನು ಮೆಚ್ಚಿದ ಸಮಾಜವೇ ಅವರನ್ನು ಗೌರವದಿಂದ ಕಾಣಲು ಹಿಂಜರಿಯುತ್ತಿತ್ತು. ಅಂತಹ ಕಾಲದಲ್ಲಿ ಹುಟ್ಟಿ, ವಿದ್ಯೆಯಿಂದ ಕೀರ್ತಿಯನ್ನು ಗಳಿಸಿ, ಆ ಕೀರ್ತಿಯನ್ನೂ ಧನವನ್ನೂ ಒಂದು ಮಹತ್ಕಾರ್ಯಕ್ಕೆ ಧಾರೆಯೆರೆದ ಕನ್ನಡನಾಡಿನ ಮಹಿಳೆ ಬೆಂಗಳೂರು ನಾಗರತ್ನಮ್ಮನವರು.

ನಾಗರತ್ನಮ್ಮನವರು 1878ರ ನವೆಂಬರ್ 3ರಂದು ಕಪಿಲಾ ನದಿಯ ದಡದ ನಂಜನಗೂಡಿನಲ್ಲಿ ಜನಿಸಿದರು. ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಕುಲಕ್ಕೆ ಸೇರಿದವರು. ದೇವಾಲಯಗಳಲ್ಲಿಯೂ ಅರಮನೆಗಳಲ್ಲಿಯೂ ಹಾಡಿ ನರ್ತಿಸುವುದು ಆ ಕುಲದ ವೃತ್ತಿ. ಇತರ ಮನೆತನಗಳ ಹೆಣ್ಣುಮಕ್ಕಳಿಗೆ ಅಕ್ಷರವೇ ದುರ್ಲಭವಾಗಿದ್ದ ದಿನಗಳಲ್ಲಿ ಈ ಸ್ತ್ರೀಯರು ಸಾಹಿತ್ಯ, ಸಂಗೀತ, ನಾಟ್ಯಗಳನ್ನು ಕಲಿಯುತ್ತಿದ್ದರು. ಆದರೂ ಕುಟುಂಬದ ಭದ್ರತೆಯಾಗಲಿ ಸಮಾಜದ ಸಮಾನ ಗೌರವವಾಗಲಿ ಅವರಿಗೆ ದೊರೆಯುತ್ತಿರಲಿಲ್ಲ. ಮಗು ಇನ್ನೂ ಚಿಕ್ಕದಾಗಿರುವಾಗಲೇ ಪುಟ್ಟಲಕ್ಷ್ಮಿಯವರು ಆಸರೆಯನ್ನು ಕಳೆದುಕೊಂಡು ಮೈಸೂರಿಗೆ ಬರಬೇಕಾಯಿತು.

ಮೈಸೂರಿನಲ್ಲಿ ಗಿರಿಭಟ್ಟ ತಿಮ್ಮಯ್ಯನವರೆಂಬ ಆಸ್ಥಾನ ಪಂಡಿತರು ಬಾಲಕಿಗೆ ಸಂಸ್ಕೃತವನ್ನೂ ಸಂಗೀತವನ್ನೂ ಕಲಿಸಿದರು. ಹುಡುಗಿಯ ಗ್ರಹಣಶಕ್ತಿ ಅಪೂರ್ವವಾಗಿತ್ತು. ಅವಳ ಏಳಿಗೆಯನ್ನು ಕಂಡು ಕೆಲವರು ಕರುಬಿದರು. ಪಾಠ ಅರ್ಧದಲ್ಲಿಯೇ ನಿಂತಿತು. ಮಗಳು ದೊಡ್ಡ ವಿದುಷಿಯಾದ ಮೇಲೆಯೇ ಮೈಸೂರಿಗೆ ಮರಳುವೆನೆಂದು ಪಣ ತೊಟ್ಟು ತಾಯಿ ಆ ಊರನ್ನು ಬಿಟ್ಟರು. ಹಲವು ಕಡೆ ಅಲೆದ ಮೇಲೆ ತಾಯಿ ಮಗಳು ಬೆಂಗಳೂರಿನಲ್ಲಿ ನೆಲೆಸಿದರು. ಅಲ್ಲಿ ಮುನಿಸ್ವಾಮಪ್ಪನವರು ನಾಗರತ್ನಮ್ಮನಿಗೆ ಗುರುವಾಗಿ ದೊರೆತರು. ಇವರು ಶ್ರೀ ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದವರು. ಇವರಿಂದ ಕಲಿತ ತ್ಯಾಗರಾಜರ ಕೃತಿಗಳೇ ಮುಂದೆ ಶಿಷ್ಯೆಯ ಬಾಳಿಗೆ ದಾರಿದೀಪವಾದವು.

ಹದಿಹರೆಯದಲ್ಲಿಯೇ ನಾಗರತ್ನಮ್ಮನವರು ತಾಯಿಯನ್ನು ಕಳೆದುಕೊಂಡರು. ಆದರೆ ತಾಯಿಯ ಪಣ ವ್ಯರ್ಥವಾಗಲಿಲ್ಲ. ಅವರ ಹಾಡಿಕೆಗೆ ಬೆಂಗಳೂರಿನ ರಸಿಕರು ತಲೆದೂಗಿದರು; ಮೈಸೂರಿನ ಅರಮನೆಯಲ್ಲಿಯೂ ಅವರ ಕಲೆಗೆ ಮನ್ನಣೆ ದೊರೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ಮದರಾಸಿಗೆ ತೆರಳಿದರು. ಆಗ ಮದರಾಸು ದಕ್ಷಿಣದ ಸಂಗೀತಕ್ಕೆ ಕೇಂದ್ರವಾಗುತ್ತಿತ್ತು. ಅಲ್ಲಿ ಮನ್ನಣೆ ಪಡೆಯುವುದು ಸುಲಭವಾಗಿರಲಿಲ್ಲ. ನಾಗರತ್ನಮ್ಮನವರು ಸಂಗೀತ ಕಚೇರಿಗಳಿಂದಲೂ ಹರಿಕಥೆಗಳಿಂದಲೂ ಹೆಸರಾದರು. ಕನ್ನಡ, ತೆಲುಗು, ತಮಿಳು, ಸಂಸ್ಕೃತಗಳನ್ನು ಬಲ್ಲ ಅವರಿಗೆ ಪದದ ಅರ್ಥವನ್ನರಿತು ಹಾಡುವುದು ಸಹಜವಾಗಿತ್ತು. ದಕ್ಷಿಣದ ಊರೂರುಗಳಿಂದ ಆಹ್ವಾನಗಳು ಬಂದವು. ಅವರು ನಡೆಸಿದ ಕಚೇರಿಗಳ ಸಂಖ್ಯೆ ಸಾವಿರವನ್ನು ಮೀರಿತು. ಮದರಾಸಿನಲ್ಲಿ ವರಮಾನ ತೆರಿಗೆ ಸಲ್ಲಿಸಿದ ಮೊದಲ ಕಲಾವಿದೆ ಇವರೇ ಎಂದು ಹೇಳುವುದುಂಟು.

ಇವರು ಕೇವಲ ಗಾಯಕಿಯಾಗಿರಲಿಲ್ಲ, ಪಂಡಿತೆಯೂ ಆಗಿದ್ದರು. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿಯ ತೆಲುಗು ಕಾವ್ಯ ರಾಧಿಕಾ ಸಾಂತ್ವನವು ಅಚ್ಚಾಗಿದ್ದರೂ ಅದರ ಕೆಲವು ಭಾಗಗಳನ್ನು ಕೈಬಿಡಲಾಗಿತ್ತು. ನಾಗರತ್ನಮ್ಮನವರು ಹಳೆಯ ಪ್ರತಿಯನ್ನು ಹುಡುಕಿ, ಪರಿಷ್ಕರಿಸಿ, 1910ರಲ್ಲಿ ಪೂರ್ಣ ಕಾವ್ಯವನ್ನು ಪ್ರಕಟಿಸಿದರು. ಶೃಂಗಾರವನ್ನು ಸ್ತ್ರೀಯೊಬ್ಬಳು ಬರೆಯುವುದೂ ಇನ್ನೊಬ್ಬಳು ಪ್ರಕಟಿಸುವುದೂ ಉಚಿತವಲ್ಲವೆಂದು ಕೆಲವರು ಆಕ್ಷೇಪಿಸಿದರು. ಪುರುಷರು ಬರೆದ ಶೃಂಗಾರ ಕಾವ್ಯಗಳಿಗಿಲ್ಲದ ದೋಷ ಇದಕ್ಕೆ ಮಾತ್ರ ಹೇಗೆ ಬಂದಿತೆಂಬುದು ನಾಗರತ್ನಮ್ಮನವರ ವಾದವಾಗಿತ್ತು. 1911ರಲ್ಲಿ ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. 1947ರಲ್ಲಿ ಆ ನಿಷೇಧ ತೆರವಾಯಿತು. ಕವಯಿತ್ರಿಯೊಬ್ಬಳ ಕೃತಿ ಅಳಿಯದೆ ಉಳಿಯುವುದಕ್ಕೆ ಇವರ ಶ್ರಮವೇ ಮುಖ್ಯ ಕಾರಣವಾಯಿತು.

ನಾಗರತ್ನಮ್ಮನವರ ಜೀವನದ ಅತ್ಯಂತ ದೊಡ್ಡ ಕಾರ್ಯ ಇನ್ನೂ ಮುಂದಿತ್ತು. ತ್ಯಾಗರಾಜರು 1847ರಲ್ಲಿ ಕಾವೇರಿ ತೀರದ ತಿರುವಯ್ಯಾರಿನಲ್ಲಿ ದೇಹವನ್ನು ತ್ಯಜಿಸಿದರು. ಅವರ ಕೀರ್ತನೆಗಳನ್ನು ಹಾಡಿ ನೂರಾರು ವಿದ್ವಾಂಸರು ಹೆಸರನ್ನೂ ಹಣವನ್ನೂ ಪಡೆದರು. ಆದರೆ ಅವರ ಸಮಾಧಿ ಮಾತ್ರ ಗಿಡಗಂಟಿಗಳ ನಡುವೆ ಹಾಳುಬಿದ್ದಿತ್ತು. ಈ ಸಂಗತಿ 1921ರಲ್ಲಿ ನಾಗರತ್ನಮ್ಮನವರಿಗೆ ತಿಳಿಯಿತು. ಅವರ ಮನಸ್ಸು ನೊಂದಿತು. ಅವರು ಕೂಡಲೇ ತಿರುವಯ್ಯಾರಿಗೆ ಹೋಗಿ ಸ್ಥಳವನ್ನು ಕಂಡರು. ಸುತ್ತಲಿನ ಭೂಮಿಯನ್ನು ಪಡೆದು, ತಮ್ಮ ಗಳಿಕೆಯ ಹಣವನ್ನು ಸುರಿದು, ಸಮಾಧಿಯ ಮೇಲೆ ಗುಡಿಯನ್ನು ಕಟ್ಟಿಸಿದರು. ಅದರ ಪ್ರತಿಷ್ಠೆಯೂ ನೆರವೇರಿತು.

ಆಗ ಒಂದು ವಿಚಿತ್ರ ಸನ್ನಿವೇಶ ಒದಗಿತು. ಪ್ರತಿವರ್ಷ ಪುಷ್ಯ ಬಹುಳ ಪಂಚಮಿಯಂದು ನಡೆಯುತ್ತಿದ್ದ ತ್ಯಾಗರಾಜರ ಆರಾಧನೆಯನ್ನು ವಿದ್ವಾಂಸರ ಎರಡು ಬಣಗಳು ಬೇರೆಬೇರೆಯಾಗಿ ನಡೆಸುತ್ತಿದ್ದವು. ಅವುಗಳೊಳಗೆ ಎಷ್ಟೇ ವೈಷಮ್ಯವಿದ್ದರೂ ಸ್ತ್ರೀಯರು ಅಲ್ಲಿ ಹಾಡಬಾರದೆಂಬ ವಿಷಯದಲ್ಲಿ ಎರಡೂ ಒಂದಾಗಿದ್ದವು. ಗುಡಿಯನ್ನು ಕಟ್ಟಿಸಿದವರಿಗೇ ಆ ಗುಡಿಯ ಮುಂದೆ ಹರಿಕಥೆ ಮಾಡಲು ಅವಕಾಶವಿಲ್ಲವಾಯಿತು!

ನಾಗರತ್ನಮ್ಮನವರು ಅವಮಾನದಿಂದ ಎದೆಗುಂದಲಿಲ್ಲ. ಕೋಪದಿಂದ ಗುಡಿಯ ಬಾಗಿಲನ್ನು ಮುಚ್ಚಿಸಲೂ ಇಲ್ಲ. ಮುಂದಿನ ವರ್ಷಗಳಲ್ಲಿ ಅವರು ಸ್ತ್ರೀಯರದೇ ಮೂರನೆಯ ಬಣವೊಂದನ್ನು ಕಟ್ಟಿದರು. ಪುರುಷರ ಆರಾಧನೆ ಗುಡಿಯ ಮುಂದೆ ನಡೆದರೆ ಇವರದು ಗುಡಿಯ ಹಿಂಭಾಗದಲ್ಲಿ ನಡೆಯತೊಡಗಿತು. ದೂರದ ಊರುಗಳಿಂದ ಗಾಯಕಿಯರು ಬಂದು ಸೇರಿದರು. ವರ್ಷ ವರ್ಷವೂ ಜನ ಹೆಚ್ಚಿದರು. ವಿರೋಧದ ಬಲ ಕುಗ್ಗಿತು. ಕೊನೆಗೆ 1940ರ ಸುಮಾರಿಗೆ ಮೂರು ಬಣಗಳೂ ಒಂದಾದವು. ತ್ಯಾಗರಾಜರ ಸನ್ನಿಧಿಯಲ್ಲಿ ಹಾಡುವ ಹಕ್ಕು ಸ್ತ್ರೀಯರಿಗೆ ದೊರೆಯಿತು.

ಈ ವೇಳೆಗೆ ನಾಗರತ್ನಮ್ಮನವರಿಗೆ ವಯಸ್ಸಾಗಿತ್ತು. ಅವರು ಮದರಾಸಿನ ವೈಭವವನ್ನು ತೊರೆದು ತಿರುವಯ್ಯಾರಿನಲ್ಲಿಯೇ ನೆಲೆಸಿದ್ದರು. ಸರಳ ಜೀವನ, ನಿತ್ಯಪೂಜೆ, ಗಾನಸೇವೆ ಇವೇ ಅವರ ದಿನಚರಿಯಾಗಿದ್ದವು. ತ್ಯಾಗರಾಜರ ನೂರೆಂಟು ನಾಮಾವಳಿಯನ್ನು ಅವರು ಸಂಸ್ಕೃತದಲ್ಲಿ ರಚಿಸಿದರು. ವಿದ್ಯಾಸುಂದರಿ, ಗಾನಕಲಾವಿಶಾರದೆ ಮುಂತಾದ ಬಿರುದುಗಳು ಅವರಿಗೆ ಸಂದಿದ್ದವು. ತಮ್ಮ ಆಸ್ತಿಯನ್ನು ಅವರು ಸಮಾಧಿಯ ಸೇವೆಗಾಗಿ ಬಿಟ್ಟುಕೊಟ್ಟರು. 1952ರ ಮೇ 19ರಂದು ಅವರು ನಿಧನರಾದರು. ತ್ಯಾಗರಾಜರ ಗುಡಿಯ ಸಮೀಪದಲ್ಲಿಯೇ ಅವರ ಸಮಾಧಿಯಿದೆ. ಅಲ್ಲಿ ಸ್ಥಾಪಿಸಿರುವ ಅವರ ಪ್ರತಿಮೆ ಗುರುವಿನ ಸನ್ನಿಧಿಗೆ ಅಭಿಮುಖವಾಗಿ ಕೈಮುಗಿದು ಕುಳಿತಿದೆ.

ನಂಜನಗೂಡಿನ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ ತಿರುವಯ್ಯಾರಿನತ್ತ ಹರಿಯುತ್ತದೆ. ನಾಗರತ್ನಮ್ಮನವರ ಬದುಕೂ ಅದೇ ದಾರಿಯಲ್ಲಿ ಸಾಗಿತು. ಇಂದು ಪ್ರತಿವರ್ಷ ಆರಾಧನೆಯ ದಿನ ನೂರಾರು ಕಲಾವಿದರು ಅಲ್ಲಿ ನೆರೆಯುತ್ತಾರೆ. ಸ್ತ್ರೀಯರೂ ಪುರುಷರೂ ಒಟ್ಟಾಗಿ ಕುಳಿತು ಪಂಚರತ್ನ ಕೃತಿಗಳನ್ನು ಒಂದೇ ಶ್ರುತಿಯಲ್ಲಿ ಹಾಡುತ್ತಾರೆ. ಹುಟ್ಟಿನಿಂದ ದೊರೆಯದ ಗೌರವವನ್ನು ವಿದ್ಯೆಯಿಂದ ಗಳಿಸಬಹುದು. ಹಾಗೆ ಗಳಿಸಿದ್ದನ್ನು ಇತರರಿಗೂ ದೊರಕಿಸಿಕೊಡುವುದು ಅದಕ್ಕಿಂತ ದೊಡ್ಡದು. ನಾಗರತ್ನಮ್ಮನವರು ಇವೆರಡನ್ನೂ ಸಾಧಿಸಿದರು.